ದೊಡ್ಡ ಟೇಬಲ್ ಹತ್ತುವ ಮೊದಲು



ಇವತ್ತು ರಾಜಕೀಯ ಬೇಡ. ಇಸ್ಪೀಟಿನ ಬಗ್ಗೆ ಮಾತಾಡೋಣ. ಹೌದು, ಇಸ್ಪೀಟೇ. ಮನೆಯಲ್ಲಿ ಇಪ್ಪತ್ತೈದು, ಮೂವತ್ತರ ವಯಸ್ಸಿನ ಮಗ ಇದ್ದರೆ ಅವನನ್ನೂ ಕರೆದು ಟಿವಿ ಮುಂದೆ ಕೂರಿಸಿ. ಬೈಯಲ್ಲ ಅಂತ ಹೇಳಿ ಕರೀರಿ. ನಿಜವಾಗಿಯೂ ಬೈಯಲ್ಲ.

ಒಂದು ಕಾರ್ಯಕ್ರಮಕ್ಕೆ ಅಂತ ಕಾರವಾರಕ್ಕೆ ಹೋಗಿದ್ದೆ. ಸಂಜೆ ಟಾಗೋರ್ ಬೀಚ್‌ನಲ್ಲಿ ನಿಂತಿದ್ದಾಗ ಒಬ್ಬ ಹುಡುಗ ಹತ್ತಿರ ಬಂದ. ಅಂಕೋಲಾದವನು, ಕಾರವಾರದಲ್ಲಿ ಕೆಲಸ. ಸೆಲ್ಫಿ ಕೇಳ್ತಾನೆ ಅಂದ್ಕೊಂಡೆ. ಅವನು ಕೇಳಿದ್ದೇ ಬೇರೆ.

"ಸರ್, ಐನೂರು ರೂಪಾಯಿ ಆಟದಲ್ಲಿ ಎರಡು ವರ್ಷದಿಂದ ನಾನೇ ಗೆಲ್ತಾ ಇದ್ದೇನೆ. ಮೂವತ್ತೈದು ಸಾವಿರದ ಆಟಕ್ಕೆ ಹೋದೆ, ಸೋತೆ. ಎಲೆ ಅದೇ, ಆಟ ಅದೇ. ಯಾಕೆ ಸರ್?"

ಕೂರಿಸಿ ಕೇಳಿದೆ. ವಿಷಯ ಇಷ್ಟು. ಶನಿವಾರ ರಾತ್ರಿ ಏಳೆಂಟು ಗೆಳೆಯರು ಸೇರಿ ಪೋಕರ್ ಆಡ್ತಾರೆ. ತಲೆಗೆ ಐನೂರು. ಹೆಚ್ಚಿನ ವಾರ ಇವನೇ ಗೆಲ್ತಾನೆ. ಗೆಳೆಯರೇ ಹೇಳಿದರಂತೆ, "ನೀನು ಇಲ್ಲಿ ಯಾಕೆ ಟೈಮ್ ಹಾಳು ಮಾಡ್ತೀಯಾ, ಗೋವಾಕ್ಕೆ ಹೋಗು" ಅಂತ. ಕಾರವಾರದಿಂದ ಕಾಳಿ ಸೇತುವೆ ದಾಟಿ, ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಗೋವಾ. ಪಣಜಿ ನೂರು ಕಿಲೋಮೀಟರ್ ಆಸುಪಾಸು. ಹೋದ. ಮೂವತ್ತೈದು ಸಾವಿರ ಕಟ್ಟಿ ಟೂರ್ನಮೆಂಟಿಗೆ ಕೂತ. ಎರಡು ಗಂಟೆಯಲ್ಲಿ ಹೊರಗೆ. ಮತ್ತೆ ಮೂವತ್ತೈದು ಸಾವಿರ ಕಟ್ಟಿದರೆ ಮತ್ತೆ ಒಳಗೆ ಬಿಡ್ತಾರೆ, ಅದಕ್ಕೆ ರೀ-ಎಂಟ್ರಿ ಅಂತಾರೆ. ಕಟ್ಟಿದ. ಸೋತ. ಮತ್ತೊಮ್ಮೆ ಕಟ್ಟಿದ. ಬೆಳಗಿನ ಜಾವಕ್ಕೆ ಹೊರಗೆ ಬಂದಾಗ ಲೆಕ್ಕ 1,05,000 ರೂಪಾಯಿ.

ಯಾವ ದುಡ್ಡು ಅದು? ಮನೆಯ ಹೆಂಚು ಇಳಿಸಿ ಸ್ಲ್ಯಾಬ್ ಹಾಕಿಸಬೇಕು ಅಂತ ಕೂಡಿಟ್ಟ ದುಡ್ಡು. 1,95,000 ಇತ್ತು, ಈಗ 90,000 ಉಳಿದಿದೆ. ಮನೆಯಲ್ಲಿ ಆಯಿಗೆ ಗೊತ್ತಿಲ್ಲ. ಆಫೀಸಿನ ಟ್ರೇನಿಂಗ್ ಅಂತ ಹೇಳಿ ಹೋಗಿದ್ದ. ಇನ್ನೊಂದು ಟೂರ್ನಮೆಂಟ್ ಬರ್ತಾ ಇದೆ, ಈ ಸಲ ಆಟದಲ್ಲಿ ಏನು ಬದಲಾಯಿಸಬೇಕು ಅನ್ನೋದು ಅವನ ಪ್ರಶ್ನೆ.

"ಜೂಜು ಕೆಟ್ಟದ್ದು, ಬಿಟ್ಟುಬಿಡಪ್ಪಾ" ಅಂತ ಹೇಳಿ ನಾನು ಎದ್ದು ಬರಬಹುದಿತ್ತು. ಆ ಮಾತನ್ನ ಅವನಿಗೆ ನೂರು ಜನ ಹೇಳಿದ್ದಾರೆ, ನೂರು ಸಲವೂ ಅವನು ತಲೆಯಾಡಿಸಿದ್ದಾನೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬುದ್ಧಿ ಹೇಳೋದು ನಮ್ಮ ದೊಡ್ಡವರ ದೊಡ್ಡ ಚಟ. ನಾನು ಪೋಕರ್ ಆಡುವವನಲ್ಲ. ಹಾಗಾಗಿ ಬೆಂಗಳೂರಿಗೆ ಬಂದ ಮೇಲೆ ವರ್ಷಗಟ್ಟಲೆ ಆ ಟೇಬಲ್‌ಗಳಲ್ಲಿ ಕೂತು ಎದ್ದ ಒಬ್ಬ ಪರಿಚಯದವರ ಹತ್ತಿರ ಕೇಳಿದೆ. ಅವರು ಹೇಳಿದ್ದನ್ನ ನಿಮಗೂ ಹೇಳ್ತೀನಿ.

ಗೊತ್ತಿಲ್ಲದವರಿಗಾಗಿ ಎರಡೇ ಮಾತು. ಪೋಕರ್‌ನಲ್ಲಿ ಪ್ರತಿಯೊಬ್ಬನ ಕೈಗೆ ಎರಡು ಎಲೆ ಗುಟ್ಟಾಗಿ ಬರುತ್ತೆ. ಟೇಬಲ್ ಮಧ್ಯೆ ಐದು ಎಲೆ ಎಲ್ಲರಿಗೂ ಕಾಣೋ ಹಾಗೆ ಬೀಳುತ್ತೆ. ಎರಡನ್ನೂ ಸೇರಿಸಿ ಒಳ್ಳೆಯ ಐದು ಎಲೆ ಯಾರದೋ ಅವನು ಗೆದ್ದ. ಆದರೆ ಎಲೆ ತೋರಿಸೋ ಮೊದಲೇ ಪಣ ಏರಿಸಿ ಏರಿಸಿ ಎದುರಿನವನನ್ನ ಓಡಿಸಿಬಿಟ್ಟರೆ, ಕೈಯಲ್ಲಿ ಏನಿಲ್ಲದಿದ್ದರೂ ಗೆದ್ದ ಹಾಗೇ. ಆ ನಾಟಕಕ್ಕೆ ಬ್ಲಫ್ ಅಂತ ಹೆಸರು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಎಲೆ ಅದೇ ಅಂದ ಅಲ್ವಾ? ಸರಿಯಾಗೇ ಹೇಳಿದ. ಎರಡು ಎಕ್ಕ ಒಟ್ಟಿಗೆ ಕೈಗೆ ಬರೋದು ಸರಾಸರಿ 221 ಸಲಕ್ಕೆ ಒಮ್ಮೆ. ಐನೂರರ ಟೇಬಲ್‌ನಲ್ಲೂ ಅಷ್ಟೇ, ಐದು ಲಕ್ಷದ ಟೇಬಲ್‌ನಲ್ಲೂ ಅಷ್ಟೇ. ಬದಲಾಗೋದು ಎದುರು ಕೂತವನು.

ಶನಿವಾರದ ಟೇಬಲ್‌ನಲ್ಲಿ ಗೆಳೆಯರು ಆಡೋದು ಮಜಾಕ್ಕೆ. ಕೈಯಲ್ಲಿ ಏನಿದ್ದರೂ "ನೋಡೇಬಿಡೋಣ" ಅಂತ ದುಡ್ಡು ಹಾಕ್ತಾರೆ. ಅಲ್ಲಿ ಗೆಲ್ಲೋದಕ್ಕೆ ಒಂದೇ ಗುಣ ಸಾಕು, ತಾಳ್ಮೆ. ಒಳ್ಳೆ ಎಲೆ ಬರೋವರೆಗೆ ಕಾಯಿರಿ, ಬಂದಾಗ ಪಣ ಏರಿಸಿ, ಅವರು ದುಡ್ಡು ತಂದು ಕೊಡ್ತಾರೆ. ಹುಡುಗ ಎರಡು ವರ್ಷ ಇದನ್ನೇ ಮಾಡಿದ್ದ. ದೊಡ್ಡ ಟೇಬಲ್‌ನಲ್ಲೂ ಇದನ್ನೇ ಮಾಡಿದ. ಅಲ್ಲಿ ಕೂತವರಿಗೆ ಅರ್ಧ ಗಂಟೆ ಸಾಕಾಯ್ತು. ಈ ಹುಡುಗ ಪಣ ಏರಿಸಿದ ಅಂದ್ರೆ ಎಲೆ ಇದೆ, ನಾವು ಮಡಚೋಣ. ಏರಿಸಲಿಲ್ಲ ಅಂದ್ರೆ ಎಲೆ ಇಲ್ಲ, ನಾವು ಏರಿಸೋಣ. ಅವನು ಬಾಯಿ ಬಿಡದೇ ತನ್ನ ಎರಡೂ ಎಲೆ ಅವರಿಗೆ ತೋರಿಸಿಕೊಂಡು ಕೂತಿದ್ದ!

ಹಾಗಾದರೆ ಏನು ಬದಲಾಯಿಸಬೇಕು? ಆ ಪರಿಚಯದವರು ಹೇಳಿದ್ದು ಇದು. ಒಂದೇ ರೀತಿ ಆಡಬಾರದು, ಒಳ್ಳೆ ಎಲೆಗೂ ಕೆಟ್ಟ ಎಲೆಗೂ ಒಂದೇ ಮುಖ, ಒಂದೇ ಅಳತೆಯ ಪಣ ಇರಬೇಕು. ಎಲ್ಲರೂ ಆಡಿದ ಮೇಲೆ ಕೊನೆಗೆ ಆಡೋ ಸರದಿ ಬಂದಾಗ ಹೆಚ್ಚು ಕೈ ಆಡಬೇಕು, ಯಾಕಂದ್ರೆ ಎಲ್ಲರ ನಡೆ ನೋಡಿ ಆಗಿರುತ್ತೆ. ಮೊದಲು ಆಡೋ ಜಾಗದಲ್ಲಿ ಕೂತಾಗ ಕೈ ಬಿಗಿ ಹಿಡೀಬೇಕು. ಮೊದಲ ಒಂದು ಗಂಟೆ ಗೆಲ್ಲೋಕಲ್ಲ, ಎದುರಿನವರನ್ನ ಓದೋಕೆ ಕೂರಬೇಕು.

ಎರಡನೇ ಬದಲಾವಣೆ ಸಮಯ. ಸಣ್ಣ ಟೂರ್ನಮೆಂಟಿನಲ್ಲಿ ಕಡ್ಡಾಯವಾಗಿ ಹಾಕಬೇಕಾದ ಪಣ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಏರುತ್ತೆ. ಆಟ ಬೇಗ ಮುಗಿಯುತ್ತೆ, ಅದೃಷ್ಟದ ಪಾಲು ಹೆಚ್ಚು. ದೊಡ್ಡದರಲ್ಲಿ ಅದು ನಲವತ್ತು ನಿಮಿಷ, ಒಂದು ಗಂಟೆಗೆ ಏರುತ್ತೆ. ಶುರುವಿನಲ್ಲಿ ಕೊಡೋ ಚಿಪ್ಸ್ ಕೂಡ ಹೆಚ್ಚು. ಹುಡುಗ ಇದನ್ನ ಕೇಳಿ "ಆಡೋಕೆ ಸಮಯ ಸಿಗುತ್ತೆ ಅಂತ ಖುಷಿಪಟ್ಟಿದ್ದೆ ಸರ್" ಅಂದ. ನೋಡಿ, ಇಲ್ಲೇ ಇರೋದು ಮೋಸ. ಸಮಯ ಜಾಸ್ತಿ ಸಿಕ್ಕಷ್ಟೂ ಅನುಕೂಲ ಹೆಚ್ಚು ಬಲ್ಲವನಿಗೆ. ಒಂದು ಓವರ್‌ನಲ್ಲಿ ಗಲ್ಲಿ ಕ್ರಿಕೆಟಿಗನೂ ದೊಡ್ಡ ಬೌಲರ್‌ಗೆ ಒಂದು ಸಿಕ್ಸ್ ಹೊಡೀಬಹುದು. ಐದು ದಿನದ ಟೆಸ್ಟ್ ಆಡಿಸಿ, ಏನಾಗುತ್ತೆ ನೋಡೋಣ.

ಮೂರನೆಯದು ಭಯ. ಟೂರ್ನಮೆಂಟಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದು ಜನರಿಗೆ ಮಾತ್ರ ಬಹುಮಾನ. ಆ ಗೆರೆ ಹತ್ತಿರ ಬಂದಾಗ, ಇನ್ನು ಇಬ್ಬರೋ ಮೂವರೋ ಹೊರಗೆ ಹೋದರೆ ಉಳಿದವರಿಗೆಲ್ಲ ದುಡ್ಡು ಅನ್ನೋ ಹೊತ್ತಿನಲ್ಲಿ, ಟೇಬಲ್ ಎರಡು ಪಾಲಾಗುತ್ತೆ. ಎಂಟ್ರಿ ಫೀ ಯಾರಿಗೆ ಒಂದು ರಾತ್ರಿಯ ಊಟದ ಖರ್ಚೋ ಅವರು ಒಂದು ಕಡೆ. ಯಾರಿಗೆ ಅದು ಮನೆಯ ಸ್ಲ್ಯಾಬೋ ಅವರು ಇನ್ನೊಂದು ಕಡೆ. ಎರಡನೆಯವರು ಉಸಿರು ಬಿಗಿಹಿಡಿದು ಎಲ್ಲ ಕೈಯನ್ನೂ ಮಡಚ್ತಾರೆ. ಮೊದಲನೆಯವರಿಗೆ ಅದು ಚೆನ್ನಾಗಿ ಗೊತ್ತು. ಮಡಚೋವರೆಗೂ ಪಣ ಏರಿಸ್ತಾರೆ. ಹುಡುಗನಿಗೆ ಹೇಳಿದೆ, "ನಿನ್ನ ಚಿಪ್ಸ್ ದೋಚೋಕೆ ಅವರು ನಿನ್ನ ಎಲೆ ನೋಡಬೇಕಿಲ್ಲ, ನಿನ್ನ ಬೆರಳು ನೋಡಿದರೆ ಸಾಕು."

ಇಲ್ಲಿಯವರೆಗೆ ಹೇಳಿದ್ದು ಆಟ. ಇದನ್ನ ಕಲೀಬಹುದು. ಪುಸ್ತಕ ಇದೆ, ವಿಡಿಯೋ ಇದೆ. ಕಲಿತರೂ ತಪ್ಪದ ಒಂದು ಲೆಕ್ಕ ಇದೆ, ಅದನ್ನ ಕೇಳಿ.

ಪಳಗಿದ ಆಟಗಾರ ಅಂತಾನೇ ಇಟ್ಟುಕೊಳ್ಳಿ. ನೂರು ಟೂರ್ನಮೆಂಟಿನಲ್ಲಿ ಹದಿನೈದರಲ್ಲಿ ಬಹುಮಾನ ಮುಟ್ಟುತ್ತಾನೆ. ಬಹುಮಾನ ಅಂದ್ರೆ ಮೊದಲ ಬಹುಮಾನ ಅಲ್ಲ, ಹೆಚ್ಚಿನ ಸಲ ಕಟ್ಟಿದ್ದರ ಒಂದೂವರೆ, ಎರಡು ಪಟ್ಟು. ಅಂದ್ರೆ ಎಂಬತ್ತೈದು ಸಲ ಬರಿಗೈ. ಇಂಥವನೂ ಸತತ ಹತ್ತು ಟೂರ್ನಮೆಂಟಿನಲ್ಲಿ ಬರಿಗೈಯಲ್ಲಿ ವಾಪಸಾಗೋ ಸಾಧ್ಯತೆ ಎಷ್ಟು ಗೊತ್ತಾ? ಐದರಲ್ಲಿ ಒಂದು! ಅದಕ್ಕೇ ಟೂರ್ನಮೆಂಟ್ ಆಡುವ ಅನುಭವಸ್ಥರು ಒಂದು ಲೆಕ್ಕ ಇಟ್ಟುಕೊಂಡಿರ್ತಾರೆ. ಯಾವ ಎಂಟ್ರಿ ಫೀ ಕಟ್ತೀರೋ ಅದರ ನೂರು ಪಟ್ಟು ಆಟಕ್ಕೆ ಅಂತಾನೇ ಬೇರೆ ಇಟ್ಟಿರಬೇಕು. ಮನೆ ದುಡ್ಡು ಅಲ್ಲ, ಸಾಲದ ದುಡ್ಡು ಅಲ್ಲ. ಐನೂರರ ಆಟಕ್ಕೆ ಐವತ್ತು ಸಾವಿರ. ಮೂವತ್ತೈದು ಸಾವಿರದ ಆಟಕ್ಕೆ ಮೂವತ್ತೈದು ಲಕ್ಷ. ಹುಡುಗನ ಹತ್ತಿರ ಇದ್ದದ್ದು 1,95,000. ಐದೂವರೆ ಆಟಕ್ಕಾಗುವಷ್ಟು. ಐದು ಸಲ ಕೂತರೆ ಆ ಪಳಗಿದವನೂ ಒಂದೂ ಬಹುಮಾನ ಇಲ್ಲದೆ ಎಲ್ಲ ಕಳಕೊಳ್ಳೋ ಸಾಧ್ಯತೆ ನೂರರಲ್ಲಿ ನಲವತ್ತನಾಲ್ಕು. ಇವನೋ, ಮೊದಲ ಸಲ ಕೂತವನು.

ಹುಡುಗ ಸುಮ್ಮನಾಗಲಿಲ್ಲ. "ಸರ್, ಕ್ರಿಸ್ ಮನಿಮೇಕರ್ ಕಥೆ ಗೊತ್ತಾ?" ಅಂದ. ಗೊತ್ತು. 2003ರಲ್ಲಿ ಅಮೆರಿಕದ ಒಬ್ಬ ಅಕೌಂಟೆಂಟ್, ನೂರು ಡಾಲರಿಗೂ ಕಡಿಮೆ ದುಡ್ಡಿನ ಅರ್ಹತಾ ಆಟ ಗೆದ್ದು, ಹತ್ತು ಸಾವಿರ ಡಾಲರ್ ಎಂಟ್ರಿಯ ವಿಶ್ವ ಸರಣಿಗೆ ಹೋದ. 25 ಲಕ್ಷ ಡಾಲರ್ ಗೆದ್ದು ಬಂದ. ನಿಜವಾದ ಕಥೆ. ಆದರೆ ಎರಡು ವಿಷಯ ಗಮನಿಸಿ. ಅವನು ಹತ್ತು ಸಾವಿರ ಡಾಲರ್ ತನ್ನ ಜೇಬಿನಿಂದ ಕಟ್ಟಲಿಲ್ಲ, ಸಣ್ಣ ಆಟದಿಂದ ಮೆಟ್ಟಿಲು ಹತ್ತಿದ. ಎರಡನೆಯದು, ಆ ವರ್ಷ ಆಡಿದವರು 839 ಜನ. ಒಬ್ಬನ ಕಥೆ ಅಂಕೋಲಾಕ್ಕೂ ಬಂದು ಮುಟ್ಟಿದೆ. ಉಳಿದ 838 ಜನರ ಕಥೆ ಯಾರು ಹೇಳ್ತಾರೆ?

ಕಾರವಾರದ ಬೈತಕೋಲ ಬಂದರಿಗೆ ಹೋಗಿದ್ದಾಗ ಒಬ್ಬ ಹಿರಿಯ ಬೋಟ್ ಮಾಲೀಕರು ಸಿಕ್ಕಿದ್ದರು. ಪಾತಿ ದೋಣಿಯಿಂದ ಶುರುಮಾಡಿ ಟ್ರಾಲ್ ಬೋಟ್ ತಗೊಂಡವರು. ದೋಣಿಯಿಂದ ಬೋಟಿಗೆ ಹೋಗೋದು ಕಷ್ಟವಾ ಅಂತ ಕೇಳಿದ್ದೆ. ಅವರು ಹೇಳಿದ್ದು, "ತಮ್ಮಾ, ಸಮುದ್ರ ಅದೇ, ಮೀನೂ ಅದೇ. ಪಾತಿ ದೋಣಿಯಲ್ಲಿ ಮೀನು ಸಿಗದಿದ್ರೆ ಆ ದಿನದ ಗಂಜಿ ಹೋಯ್ತು, ಅಷ್ಟೇ. ಬೋಟಿನಲ್ಲಿ ಸಿಗದಿದ್ರೆ ಡೀಸೆಲ್, ಐಸ್, ಕಲಾಸಿಗಳ ಬತ್ತೆ, ಬ್ಯಾಂಕಿನ ಕಂತು. ಬೋಟ್ ತಗೊಳ್ಳೋನಿಗೆ ಮೀನು ಹಿಡಿಯೋದು ಗೊತ್ತಿದ್ರೆ ಸಾಲದು. ಎಷ್ಟು ಸಲ ಬರಿಗೈಯಲ್ಲಿ ತಿರುಗಿ ಬರಬಹುದು ಅಂತ ಗೊತ್ತಿರಬೇಕು." ಪೋಕರ್ ಅಂದ್ರೆ ಏನು ಅಂತ ಆ ಹಿರಿಯರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ನಮ್ಮ ಹುಡುಗನ ಪ್ರಶ್ನೆಗೆ ಅವರದೇ ಸರಿಯಾದ ಉತ್ತರ.

ಆ ಸಮುದ್ರಕ್ಕೂ ಒಂದು ನಿಯಮ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟ್ ನೀರಿಗಿಳಿಯುವ ಹಾಗಿಲ್ಲ. ಎಷ್ಟೇ ದೊಡ್ಡ ಬೋಟಿರಲಿ, ದಡದಲ್ಲಿ ನಿಲ್ಲಲೇಬೇಕು. ಇಸ್ಪೀಟ್ ಟೇಬಲ್‌ಗೆ ಅಂಥ ಜೂನ್ ಬರಲ್ಲ ಸ್ವಾಮಿ. ನಿಲ್ಲಿಸೋ ದಿನವನ್ನ ಆಡುವವನೇ ಗೊತ್ತು ಮಾಡಿಕೊಳ್ಳಬೇಕು.

ಇಲ್ಲೇ ರೀ-ಎಂಟ್ರಿ ವಿಷಯ ಬರೋದು. ಮಹಾಭಾರತದ ಜೂಜು ಎಲ್ಲರಿಗೂ ಗೊತ್ತು. ಧರ್ಮರಾಯ ಎಷ್ಟು ಸಲ ಜೂಜಿಗೆ ಕೂತ? ಕೇಳಿ ನೋಡಿ, ಬಹಳಷ್ಟು ಜನ ಒಂದೇ ಸಲ ಅಂತಾರೆ. ಎರಡು ಸಲ. ಮೊದಲ ಸಲ ರಾಜ್ಯ, ತಮ್ಮಂದಿರು, ತಾನು, ದ್ರೌಪದಿ, ಎಲ್ಲವನ್ನೂ ಸೋತ. ಧೃತರಾಷ್ಟ್ರ ಹೆದರಿ ಸೋತದ್ದನ್ನೆಲ್ಲ ವಾಪಸ್ ಕೊಟ್ಟ. ಊರ ಕಡೆ ಹೊರಟಿದ್ದ ಧರ್ಮರಾಯನನ್ನ ಮತ್ತೆ ಕರೆಸಿದರು. ಅವನು ಮತ್ತೆ ಹೋಗಿ ಕೂತ! ಅದೇ ಸಭೆ, ಅದೇ ದಾಳ, ಎದುರಿಗೆ ಅದೇ ಶಕುನಿ. ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ ಬಂದದ್ದು ಆ ಎರಡನೇ ಆಟದಿಂದ. ಮೊದಲ ಸೋಲನ್ನ ಶಕುನಿಯ ಮೋಸ ಅನ್ನಬಹುದು. ಎರಡನೇ ಸಲ ಕೂತದ್ದಕ್ಕೆ ಯಾರನ್ನ ಬೈಯೋಣ?

ನಮ್ಮ ಹುಡುಗ ಮನೆಯಿಂದ ಹೊರಟಾಗ ಮೂವತ್ತೈದು ಸಾವಿರ ಕಳೆಯೋಕೆ ಸಿದ್ಧನಾಗಿದ್ದ. ಉಳಿದ ಎಪ್ಪತ್ತು ಸಾವಿರದ ನಿರ್ಧಾರ ಮಾಡಿದ್ದು ಅವನಲ್ಲ, ಸೋತ ಸಿಟ್ಟು ಮಾಡಿತು. ರಾತ್ರಿ ಎರಡು ಗಂಟೆಗೆ ಸೋತವನ ತಲೆ ಲೆಕ್ಕ ಮಾಡಲ್ಲ. ಅದಕ್ಕೇ ಲೆಕ್ಕ ಹಗಲು ಹೊತ್ತಿನಲ್ಲಿ, ಮನೆಯಲ್ಲಿ ಆಗಿರಬೇಕು. ಬಲ್ಲವರು ಮಾಡೋದು ಇದೇ. ಮೇಲಿನ ಟೇಬಲ್‌ಗೆ ಹೋಗೋ ಮೊದಲು ಇಳಿಯೋ ಗೆರೆ ಹಾಕ್ಕೊಳ್ತಾರೆ. ಇಷ್ಟು ಸೋತರೆ ಮತ್ತೆ ಸಣ್ಣ ಆಟಕ್ಕೆ ಇಳೀತೀನಿ ಅಂತ. ಇಳಿಯೋದು ಅವರಿಗೆ ಅವಮಾನ ಅಲ್ಲ, ಲೆಕ್ಕ. ನಮ್ಮ ಹುಡುಗರಿಗೆ ಹತ್ತೋದು ಮಾತ್ರ ಗೊತ್ತು. ಗೆಳೆಯರ ಮುಂದೆ ಮತ್ತೆ ಐನೂರರ ಆಟಕ್ಕೆ ಕೂರೋದಕ್ಕೆ ನಾಚಿಕೆ.

ಇನ್ನು ಗೆದ್ದರೆ? ಅದರ ಲೆಕ್ಕವನ್ನೂ ಕೇಳಿ. ಇಸ್ಪೀಟ್, ಲಾಟರಿಯಂಥ ಆಟದ ಗೆಲುವಿಗೆ ನಮ್ಮ ದೇಶದಲ್ಲಿ ನೂರಕ್ಕೆ 30 ಆದಾಯ ತೆರಿಗೆ. ಸೆಸ್ ಸೇರಿದರೆ 31.2. ಬೇರೆ ಟೂರ್ನಮೆಂಟಿನಲ್ಲಿ ಸೋತದ್ದನ್ನ ಇದರಲ್ಲಿ ಕಳೆಯೋ ಹಾಗಿಲ್ಲ. ತಲಾ ಒಂದು ಲಕ್ಷ ಕಟ್ಟಿ ಹತ್ತು ಟೂರ್ನಮೆಂಟ್ ಆಡಿದಿರಿ, ಒಂಬತ್ತು ಸೋತಿರಿ, ಹತ್ತನೆಯದರಲ್ಲಿ ಹತ್ತು ಲಕ್ಷ ಗೆದ್ದಿರಿ. ನಿಮ್ಮ ಲೆಕ್ಕದಲ್ಲಿ ಬಂದದ್ದಕ್ಕೂ ಹೋದದ್ದಕ್ಕೂ ಸರಿ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಸುಮಾರು ಮೂರು ಲಕ್ಷ ಬಾಕಿ. ಸಮ ಮಾಡಿಕೊಂಡೆ ಅಂದವನೂ ಮೂರು ಲಕ್ಷ ಕೆಳಗಿರ್ತಾನೆ. ಗೆದ್ದವನ ಫೋಟೋ ಹಾಕೋರು ಈ ಲೆಕ್ಕ ಹಾಕ್ತಾರಾ?

ಕಾನೂನಿನ ವಿಷಯವನ್ನೂ ಹೇಳಿಬಿಡ್ತೀನಿ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತು. ಪೋಕರ್ ವಿಷಯದಲ್ಲಿ ಹಾಗಲ್ಲ, 2017ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನ ಅದೃಷ್ಟದ ಆಟ ಅಂದಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಹಣದಾಟ ನಿಷೇಧಿಸಿತು. 2022ರ ಫೆಬ್ರವರಿ 14ಕ್ಕೆ ನಮ್ಮ ಹೈಕೋರ್ಟ್ ಅದನ್ನ ಹೊಡೆದುಹಾಕಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಕೇಳೋದೇ ಇಲ್ಲ ಅಂತ ಹಣ ಕಟ್ಟಿ ಆಡೋ ಆನ್‌ಲೈನ್ ಆಟಕ್ಕೆ ನಿಷೇಧ ತಂದಿತು. ಆ ಆಟಗಳಲ್ಲಿ ಮುಳುಗಿದ ಮನೆಗಳನ್ನ ನೋಡಿದವರು ಯಾರೂ ಈ ನಿಷೇಧಕ್ಕೆ ಅಳಬೇಕಿಲ್ಲ. ಆದರೆ ಕಾರವಾರ, ಅಂಕೋಲಾದ ಹುಡುಗನ ಕಣ್ಣಿಂದ ಒಮ್ಮೆ ನೋಡಿ. ಫೋನಿನ ಬಾಗಿಲು ಮುಚ್ಚಿತು, ಮಾಂಡವಿ ನದಿಯ ಮೇಲಿನ ದೀಪ ಮಾತ್ರ ಹಾಗೇ ಉರೀತಾ ಇದೆ. ಗೆಳೆಯರ ಐನೂರರ ಆಟ ಬಿಟ್ಟರೆ ಮುಂದಿನ ಮೆಟ್ಟಿಲು ನೇರ ಸಾವಿರಗಳದ್ದು. ಮಧ್ಯದ ಮೆಟ್ಟಿಲೇ ಇಲ್ಲ.

ಇನ್ನೊಂದು ಮಾತು. ಗೋವಾ ತನ್ನ ಜೂಜು ಕಾಯ್ದೆ ತಿದ್ದಿ 1992ರಲ್ಲಿ ಪಂಚತಾರಾ ಹೋಟೆಲ್‌ಗೆ, 1996ರಲ್ಲಿ ನೀರಿನ ಮೇಲಿನ ಹಡಗಿಗೆ ಅವಕಾಶ ಕೊಟ್ಟಿತು. ಅದೇ ಗೋವಾ, 2020ರ ಫೆಬ್ರವರಿಯಿಂದ ಗೋವಾದವರು ಮಾತ್ರ ಕ್ಯಾಸಿನೊಗೆ ಹೋಗಿ ಆಡೋ ಹಾಗಿಲ್ಲ ಅಂತ ನಿಯಮ ಜಾರಿ ಮಾಡಿತು. ಅರ್ಥ ಆಯ್ತಲ್ವಾ? ಪಕ್ಕದ ಮನೆಯ ಯಜಮಾನ ತನ್ನ ಮಕ್ಕಳನ್ನ ಬಿಡದ ಕೋಣೆಗೆ ನಮ್ಮ ಮಕ್ಕಳನ್ನ ಬಾ ಅಂತ ಕರೀತಾ ಇದ್ದಾನೆ. ಪೋಳೆಂನ ಹುಡುಗನಿಗೆ ಇಲ್ಲದ ಟೇಬಲ್, ಗಡಿ ಈಚೆಗಿನ ಮಾಜಾಳಿಯ ಹುಡುಗನಿಗೆ ಇದೆ.

ಹಾಗಾದರೆ ದೊಡ್ಡ ಎಂಟ್ರಿ ಕಟ್ಟಿ ಆಡೋ ವೃತ್ತಿಪರರೆಲ್ಲ ಕೋಟ್ಯಧಿಪತಿಗಳಾ? ಅಲ್ಲ. ಅವರಲ್ಲಿ ಅನೇಕರು ತಮ್ಮ ಎಂಟ್ರಿಯ ಪಾಲು ಮಾರ್ತಾರೆ. ಲಕ್ಷ ರೂಪಾಯಿಯ ಆಟಕ್ಕೆ ತನ್ನದು ಮೂವತ್ತು ಸಾವಿರ, ಉಳಿದದ್ದು ಐದಾರು ಜನರದ್ದು. ಗೆದ್ದರೆ ಪಾಲು, ಸೋತರೂ ಪಾಲು. ಕಾರವಾರದವರಿಗೆ ಇದು ಹೊಸದೇನಲ್ಲ. ರಂಪಣಿ ಬಲೆ ನೆನಪಿದೆಯಾ? 70ರ ದಶಕದಲ್ಲಿ ಪರ್ಸಿನ್ ಬೋಟ್ ಬರೋವರೆಗೆ ಈ ಕರಾವಳಿಯ ದೊಡ್ಡ ಮೀನುಗಾರಿಕೆ ಅಂದ್ರೆ ರಂಪಣಿ. ಒಂದು ಬಲೆಗೆ ಊರಿನ ಹತ್ತಾರು ಮನೆಯವರ ಕೈ, ಸಿಕ್ಕಿದ ಮೀನಿನಲ್ಲಿ ಎಲ್ಲರಿಗೂ ಪಾಲು. ಬಲೆ ಖಾಲಿ ಬಂದರೆ ಒಬ್ಬನ ಮನೆ ಮುಳುಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಬಲೆ ಎಳೆಯೋದು ದಡದಲ್ಲಿ, ಎಲ್ಲರ ಕಣ್ಣ ಮುಂದೆ. ತುಂಬಿ ಬಂದರೂ ಊರು ನೋಡುತ್ತೆ, ಖಾಲಿ ಬಂದರೂ ಊರು ನೋಡುತ್ತೆ.

ನಮ್ಮ ಹುಡುಗನಿಗೆ ಇಲ್ಲದೇ ಹೋದದ್ದು ಅದೇ. ಅವನ ಬಲೆ ಖಾಲಿ ಬಂದದ್ದನ್ನ ನೋಡಿದವರು ಯಾರೂ ಇಲ್ಲ. ಅದಕ್ಕೇ ಎರಡನೇ ಸಲ ಬೀಸಿದ, ಮೂರನೇ ಸಲ ಬೀಸಿದ, ನಾಲ್ಕನೆಯದಕ್ಕೆ ಸಿದ್ಧವಾಗಿ ನನ್ನ ಹತ್ತಿರ ಉಪಾಯ ಕೇಳಿದ.

ಬೆಂಗಳೂರಿನಿಂದ ಅವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಕೊನೆಗೆ ಹೇಳಿದೆ, "ನೂರು ಪಟ್ಟು ದುಡ್ಡಿನ ಲೆಕ್ಕ, ಕೊನೆಗೆ ಆಡೋ ಸರದಿಯ ಲೆಕ್ಕ, ಬ್ಲಫ್, ಎಲ್ಲ ಪಕ್ಕಕ್ಕಿಡು. ಒಂದೇ ಪರೀಕ್ಷೆ. ಎಲ್ಲಿಗೆ ಹೋಗ್ತಾ ಇದ್ದೀಯಾ, ಎಷ್ಟು ತಗೊಂಡು ಹೋಗ್ತಾ ಇದ್ದೀಯಾ, ಎಷ್ಟು ಸೋತರೆ ಎದ್ದು ಬರ್ತೀಯಾ, ಈ ಮೂರನ್ನೂ ಆಯಿಗೆ ಹೇಳಿ ಹೊರಡೋಕಾಗುತ್ತಾ? ಆದರೆ ಹೋಗು, ನಾನು ಬೇಡ ಅನ್ನಲ್ಲ. ಹೇಳೋಕಾಗಲ್ಲ ಅಂದ್ರೆ ಆ ಟೇಬಲ್ ನಿನ್ನದಲ್ಲ." ಅವನು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಲೈನಿನಲ್ಲಿದ್ದ, ಆಮೇಲೆ ಇಟ್ಟ.

ಮೂರು ವಾರದ ನಂತರ ಅವನೇ ಫೋನ್ ಮಾಡಿದ. "ಆಯಿಗೆ ಹೇಳಿದೆ ಸರ್. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪಾಸ್‌ಬುಕ್ ಎಲ್ಲಿ ಅಂತ ಕೇಳಿದಳು. ಕೊಟ್ಟೆ." ಸ್ಲ್ಯಾಬ್ ಈ ವರ್ಷ ಆಗಲ್ಲವಂತೆ. ಈ ಮಳೆಗಾಲಕ್ಕೂ ಅದೇ ಹೆಂಚು. ಶನಿವಾರದ ಆಟ ನಡೀತಾ ಇದೆಯಾ ಅಂತ ನಾನು ಕೇಳಲಿಲ್ಲ.

ಇದನ್ನ ನೋಡ್ತಾ ಇರೋ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗ ಇವತ್ತು ರಾತ್ರಿ ಏನಾದರೂ ಹೇಳೋಕೆ ಬಂದರೆ ಮೊದಲು ಪೂರ್ತಿ ಕೇಳಿ. ಬೈಯೋದಿದ್ದರೆ ನಾಳೆ ಬೆಳಿಗ್ಗೆ ಬೈಯಿರಿ.